ಸ್ವೀಡನ್ನಿನ ಬಿಳಿ, ಹೊಸಹಳ್ಳಿಯ ಬಿಸಿಲು

ಕಾನಹೊಸಹಳ್ಳಿಯನ್ನು ಊರವರು ಬರೀ ಹೊಸಹಳ್ಳಿ ಅನ್ನುತ್ತಾರೆ. ಕೂಡ್ಲಿಗಿ ತಾಲ್ಲೂಕಿನ ಈ ಊರಲ್ಲಿ, ಹಾಗೆಯೇ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ, ಹೊಸದಾಗಿ ಕಟ್ಟಿದ ಮನೆಗಳ ಹಾಲ್‌ಗಳು ಈಚೆಗೆ ಒಂದೇ ಮುಖ ಹೊತ್ತು ನಿಂತಿವೆ. ಹಾಲುಬಿಳುಪಿನ ಗೋಡೆ, ತಿಳಿಬೂದು ಸೋಫಾ, ಸಣಕಲು ಕಾಲಿನ ಟೀಪಾಯಿ, ಕಪ್ಪು ಫ್ರೇಮಿನೊಳಗೆ ಐಫೆಲ್ ಗೋಪುರ, ಮೂಲೆಯಲ್ಲಿ ನೀರು ಕೇಳದ ಪ್ಲಾಸ್ಟಿಕ್ ಗಿಡ. ಮೊಬೈಲಿನಲ್ಲಿ ಇದಕ್ಕೆ ನಾರ್ಡಿಕ್ ಶೈಲಿ, ಫ್ರೆಂಚ್ ಹಳ್ಳಿಮನೆ ಶೈಲಿ ಎಂದೆಲ್ಲ ಹೆಸರುಗಳಿವೆ. ಜೊತೆಗೆ ‘ಕಡಿಮೆ ಖರ್ಚಿನಲ್ಲಿ’ ಎಂಬ ಬಾಲವೂ ಇರುತ್ತದೆ. ಪಾರ್ಸೆಲ್ ಹುಡುಗ ಬೈಕಿನಲ್ಲಿ ತಂದುಕೊಡುವ ಡಬ್ಬಿಗಳಲ್ಲಿ ಪ್ಯಾರಿಸ್ಸೂ ಸ್ಟಾಕ್‌ಹೋಮೂ ಹೊಸಹಳ್ಳಿಗೆ ಬಂದಿಳಿಯುತ್ತಿವೆ.

ಇದನ್ನು ಕಂಡು ಮೂಗು ಮುರಿಯುವವರ ಗುಂಪಿಗೆ ನಾನು ಸೇರಲಾರೆ. ಮನೆ ಚೆಂದವಿರಲಿ ಅನ್ನುವುದು ಯಾವ ಸೀಮೆಯವರಿಗೂ ಇರುವ ಆಸೆ. ನನ್ನ ತಕರಾರು ಬೇರೆ. ಆ ದೇಶಗಳಿಂದ ನಾವು ತರುತ್ತಿರುವುದು ಅವರ ಉತ್ತರವನ್ನು. ಅವರಿಗಿದ್ದ ಪ್ರಶ್ನೆಯನ್ನು ನಾವು ಕೇಳಿಸಿಕೊಂಡೇ ಇಲ್ಲ. ಹಾಗಾಗಿ ಅಲ್ಲಿ ಅಗ್ಗವಾದದ್ದು ಇಲ್ಲಿ ದುಬಾರಿಯಾಗುತ್ತಿದೆ, ಅಲ್ಲಿ ಸರಳವಾದದ್ದು ಇಲ್ಲಿ ರಗಳೆಯಾಗುತ್ತಿದೆ.

ಬಿಳಿ ಬಣ್ಣದಿಂದಲೇ ಹಿಡಿಯೋಣ. ಸ್ಟಾಕ್‌ಹೋಮಿನಲ್ಲಿ ಡಿಸೆಂಬರ್ ತಿಂಗಳ ಹಗಲು ಸುಮಾರು ಆರು ತಾಸಿನದು. ಸೂರ್ಯ ದಿಗಂತದ ಅಂಚಿನಲ್ಲಿ ತೆವಳಿ ಮರೆಯಾಗುತ್ತಾನೆ. ಅಷ್ಟರೊಳಗೆ ಕಿಟಕಿಯಿಂದ ಬಂದ ಬೆಳಕನ್ನು ಒಂದು ಚೂರೂ ಪೋಲಾಗದಂತೆ ಕೋಣೆಯ ಮೂಲೆಗೆ ತಲುಪಿಸಬೇಕು. ಗೋಡೆಗೆ ತಿಳಿಬಣ್ಣ, ನೆಲದ ಮರಕ್ಕೂ ಬಿಳಿಚು ಬಣ್ಣ, ಕಿಟಕಿಯ ಎದುರು ಕನ್ನಡಿ, ಅದರ ಮುಂದೆ ಮೇಣದಬತ್ತಿ: ಎಲ್ಲವೂ ಬೆಳಕಿನ ಬಡತನಕ್ಕೆ ಕಂಡುಕೊಂಡ ದಾರಿಗಳು. ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ತಾಸು ಮೀರುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಅಂಗಳ ನೋಡಿದರೆ ಕಣ್ಣು ಚುಚ್ಚುತ್ತದೆ. ಇಂಥ ಕಡೆ ದೊಡ್ಡ ಗಾಜಿನ ಕಿಟಕಿಯಿಟ್ಟು, ಹೊಳೆಯುವ ಬಿಳಿ ಪೇಂಟ್ ಬಳಿದು, ಬಿಳಿ ಟೈಲ್ಸ್ ಹಾಸಿ, ಆಮೇಲೆ ಝಳ ತಾಳಲಾರದೆ ದಪ್ಪನೆ ಪರದೆ ಎಳೆದು, ಹಗಲಿನಲ್ಲೇ ಟ್ಯೂಬ್‌ಲೈಟ್ ಹಾಕಿಕೊಂಡು ಕೂರುವುದು ವಿಚಿತ್ರ. ಅದಕ್ಕೆ ನಾರ್ಡಿಕ್ ಎಂಬ ಹೆಸರು ಬೇರೆ.

ಧೂಳಿನ ಮಾತೂ ಇದೆ. ನಮ್ಮದು ಕೆಂಪು ಮಸಾರಿ ಮತ್ತು ಕರಿ ಎರೆ ಎರಡೂ ಇರುವ ಸೀಮೆ. ಆಷಾಢದ ಗಾಳಿ ಎಷ್ಟು ಬಲವಾದದ್ದೆಂದರೆ ನಮ್ಮ ಗುಡ್ಡಗಳ ನೆತ್ತಿಯ ಮೇಲೆ ಕಂಪನಿಗಳು ಸಾಲುಸಾಲಾಗಿ ಗಾಳಿಯಂತ್ರ ನೆಟ್ಟಿವೆ. ಆ ಗಾಳಿಗೆ ತಿಳಿಬೂದು ಸೋಫಾ ಒಂದೇ ಹಂಗಾಮಿನಲ್ಲಿ ಹೊಲದ ಬಣ್ಣಕ್ಕೆ ತಿರುಗುತ್ತದೆ. ತೆರೆದ ಶೆಲ್ಫುಗಳ ಮೇಲೆ ಸಾಲಾಗಿಟ್ಟ ಬಿಳಿ ಪಿಂಗಾಣಿಯನ್ನು ದಿನಕ್ಕೆರಡು ಸಲ ಒರೆಸುವವರು ಯಾರು? ರೀಲ್ಸ್‌ನಲ್ಲಿ ಆ ಕೈ ಕಾಣುವುದಿಲ್ಲ.

ಇನ್ನು ಪೀಠೋಪಕರಣ. ಊರ ಪಕ್ಕದ ಹೆದ್ದಾರಿ ಹಿಡಿದು ಚಿತ್ರದುರ್ಗ ದಾಟಿ ಬೆಂಗಳೂರು ಮುಟ್ಟುವ ಮೊದಲೇ ನಾಗಸಂದ್ರ ಸಿಗುತ್ತದೆ. 2022ರ ಜೂನ್‌ನಲ್ಲಿ ಅಲ್ಲಿ ಐಕಿಯಾ ಮಳಿಗೆ ತೆರೆಯಿತು. ಮದುವೆ ಸಾಮಾನಿಗೆಂದು ಈ ಕಡೆಯಿಂದ ಅಲ್ಲಿಗೆ ಹೋಗಿಬರುವವರೂ ಇದ್ದಾರೆ. 1943ರಲ್ಲಿ ಇಂಗ್ವಾರ್ ಕಾಂಪ್ರಾಡ್ ಎಂಬ ಹದಿನೇಳರ ಹುಡುಗ ಸ್ವೀಡನ್ನಿನ ಒಂದು ಬಡ ಸೀಮೆಯಲ್ಲಿ ಆರಂಭಿಸಿದ ಕಂಪನಿ ಇದು. 1950ರ ದಶಕದಲ್ಲಿ ಮೇಜಿನ ಕಾಲು ಬಿಚ್ಚಿ ಚಪ್ಪಟೆ ಪೆಟ್ಟಿಗೆಯಲ್ಲಿ ಮಾರುವ ಉಪಾಯದಿಂದ ಸಾಗಣೆ ವೆಚ್ಚ ಇಳಿಸಿತು. ಆ ಜಾಣತನಕ್ಕೆ ನನ್ನ ಶರಣು. ಆದರೆ ಅಂಥ ಸಾಮಾನಿನ ಅಗ್ಗದ ಸಾಲಿನಲ್ಲಿ ಬಹುಪಾಲು ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ. ನಾವು ನೆಲ ಒರೆಸಿ ಸುಮ್ಮನಾಗುವವರಲ್ಲ, ಬಕೆಟ್ಟುಗಟ್ಟಲೆ ನೀರು ಹೊಯ್ದು ಪೊರಕೆಯಿಂದ ತಿಕ್ಕಿ ತೊಳೆಯುವವರು. ಹಬ್ಬಕ್ಕೊಂದು ಸಲ ನೀರು ಕುಡಿದ ಆ ಹಲಗೆಯ ಬುಡ ಉಬ್ಬಿ ಬಾಯಿ ಬಿಡುತ್ತದೆ. ಅದರ ಡೂಪ್ಲಿಕೇಟು ಮಾಲಂತೂ ಎರಡು ಯುಗಾದಿ ಕಂಡರೆ ಹೆಚ್ಚು. ಗೆದ್ದಲು ಮುಟ್ಟಿದರೆ ಅಷ್ಟೂ ಇಲ್ಲ. ದುರಸ್ತಿಯೂ ಸಾಧ್ಯವಿಲ್ಲ: ನಮ್ಮ ಬಡಗಿಗಳು ಅದಕ್ಕೆ ಮೊಳೆ ಹೊಡೆಯಲು ಒಲ್ಲೆ ಅನ್ನುತ್ತಾರೆ.

ಹಾಗಾದರೆ ಆ ದೇಶಗಳವರು ಸರಳ ಮನೆಯನ್ನು ಕಂಡುಕೊಂಡದ್ದು ಹೇಗೆ? ಅದು ನೋಡುವಂಥ ಕಥೆ. 1771ರಲ್ಲಿ ಸ್ವೀಡನ್ನಿನ ಯುವರಾಜ ಗುಸ್ತಾವ್ ಪ್ಯಾರಿಸ್ಸಿನಲ್ಲಿದ್ದಾಗ ತಂದೆ ತೀರಿದ ಸುದ್ದಿ ಬಂತು. ಫ್ರೆಂಚ್ ಅರಮನೆಗಳ ಬೆಡಗನ್ನು ಕಣ್ತುಂಬಿಕೊಂಡೇ ಆತ ಊರಿಗೆ ಮರಳಿ ಮೂರನೇ ಗುಸ್ತಾವನಾಗಿ ಆಳತೊಡಗಿದ. ಆದರೆ ಅವನ ನಾಡಿನಲ್ಲಿ ಫ್ರಾನ್ಸಿನಷ್ಟು ಚಿನ್ನದ ತಗಡೂ ಇರಲಿಲ್ಲ, ಅಮೃತಶಿಲೆಯೂ ಇರಲಿಲ್ಲ. ಇದ್ದದ್ದು ಪೈನ್ ಮರ. ಬಡಗಿಗಳು ಅದೇ ಆಕಾರಗಳನ್ನು ಪೈನಿನಲ್ಲಿ ಕಡೆದು, ಚಿನ್ನದ ಜಾಗಕ್ಕೆ ಬೂದು, ಬಿಳಿ, ತಿಳಿನೀಲಿ ಬಣ್ಣ ಬಳಿದರು. ಅಮೃತಶಿಲೆ ಬೇಕಾದ ಕಡೆ ಮರದ ಮೇಲೆಯೇ ಅದರ ಗೆರೆ ಬರೆದರು. ಇಂದು ಫ್ರೆಂಚ್–ನಾರ್ಡಿಕ್ ಎಂದು ಜೋಡಿಸಿ ಹೇಳುವ ಸೊಗಸಿನ ಒಂದು ದೊಡ್ಡ ಬೇರು ಅಲ್ಲಿದೆ. ಅದು ಹುಟ್ಟುವಾಗಲೇ ಕಡಿಮೆ ಖರ್ಚಿನ ಅನುಕರಣೆ. ಅನುಕರಿಸಿದ್ದಕ್ಕೆ ಅವರು ನಾಚಲಿಲ್ಲ. ಕೈಗೆ ಸಿಕ್ಕ ಮರ, ಕೈಗೆ ಸಿಕ್ಕ ಬಣ್ಣದಲ್ಲೇ ಅನುಕರಿಸಿದರು.

ಇನ್ನೊಂದು ಬೇರು ರೈತರ ಮನೆಗಳಲ್ಲಿದೆ. ಸ್ವೀಡನ್ನಿನ ಹಳ್ಳಿಗಳೆಂದರೆ ಎಲ್ಲರ ಕಣ್ಣಿಗೂ ಬರುವುದು ಕೆಂಪು ಮರದ ಮನೆ, ಬಿಳಿ ಅಂಚು. ಆ ಕೆಂಪು ಫಾಲುನ್ ಎಂಬ ಊರಿನ ತಾಮ್ರದ ಗಣಿಯ ಕಸ. ತಾಮ್ರ ತೆಗೆದ ಮೇಲೆ ಉಳಿದ, ಕಬ್ಬಿಣದ ಅಂಶ ತುಂಬಿದ ಮಣ್ಣನ್ನು ಸುಟ್ಟು, ಅರೆದು, ನೀರು, ಹಿಟ್ಟು, ಅಗಸೆ ಎಣ್ಣೆ ಸೇರಿಸಿ ಕುದಿಸಿದರೆ ಬಣ್ಣ ಸಿದ್ಧ. ಮೊದಮೊದಲು ಇದನ್ನು ಬಳಿದವರು ಮರದ ಮನೆ ಇಟ್ಟಿಗೆಯದರಂತೆ ಕಾಣಲಿ ಎಂದು ಬಯಸಿದ ಶ್ರೀಮಂತರು. ಕ್ರಮೇಣ ಅದು ಬಡವನ ಕೊಟ್ಟಿಗೆಗೂ ಇಳಿಯಿತು, ಏಕೆಂದರೆ ಅಗ್ಗ ಮತ್ತು ಮರ ಕೆಡದಂತೆ ಕಾಯುತ್ತದೆ. ಗಣಿ 1992ರಲ್ಲಿ ಮುಚ್ಚಿತು, 2001ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಬಣ್ಣ ಮಾತ್ರ ಈಗಲೂ ಮಾರಾಟವಾಗುತ್ತಿದೆ.

ಇದನ್ನು ಓದುವಾಗ ನಮ್ಮ ಕಡೆಯವರಿಗೆ ಏನೋ ನೆನಪಾಗಬೇಕು. ಕೂಡ್ಲಿಗಿಗೆ ಅಂಟಿಕೊಂಡೇ ಸಂಡೂರಿನ ಗುಡ್ಡಗಳಿವೆ. ಅಲ್ಲಿಯ ಕಬ್ಬಿಣದ ಅದಿರು ಲಾರಿಗಟ್ಟಲೆ ಹೋದದ್ದನ್ನೂ, ರಸ್ತೆ ಬದಿಯ ಬೇವಿನ ಎಲೆಗಳೂ ಕೆಂಪಾದದ್ದನ್ನೂ ಕಂಡವರು ನಾವು. ಅದೇ ಕಬ್ಬಿಣದ ಕೆಂಪೇ ನಮ್ಮ ಹುರಮಂಜು. ಗೋಡೆಯ ಮೇಲ್ಭಾಗಕ್ಕೆ ಸುಣ್ಣ, ಕೆಳಗೆ ಮೊಳಕಾಲೆತ್ತರಕ್ಕೆ ಹುರಮಂಜಿನ ಪಟ್ಟಿ, ಹೊಸ್ತಿಲ ಬದಿಗೆ ಎರಡು ಎಳೆ ರಂಗೋಲಿ. ಮಾರ್ನವಮಿಗೋ ಯುಗಾದಿಗೋ ಊರೆಲ್ಲ ಹೀಗೆ ಹೊಸದಾಗುತ್ತಿತ್ತು. ಆ ಪಟ್ಟಿ ಬರೀ ಅಲಂಕಾರಕ್ಕಲ್ಲ. ಕಟ್ಟೆಗೆ ಒರಗಿದವರ ಬೆನ್ನು, ಅಂಗಳ ಗುಡಿಸುವಾಗ ಏಳುವ ಮಣ್ಣು, ಮಳೆಯ ಸಿಡಿತ, ಮಕ್ಕಳ ಕೈ, ಎಲ್ಲ ಬೀಳುವುದು ಗೋಡೆಯ ಬುಡಕ್ಕೆ. ಕೊಳೆ ಕಾಣುವ ಕಡೆ ಕೊಳೆಯ ಬಣ್ಣವನ್ನೇ ಮೊದಲು ಬಳಿದುಬಿಡುವ ಬುದ್ಧಿ ಅದು. ಫ್ರಾನ್ಸಿನ ಹಳ್ಳಿಮನೆಗಳಲ್ಲೂ ಗೋಡೆಯ ಬುಡಕ್ಕೆ ಗಾಢ ಬಣ್ಣ ಹಚ್ಚುವ ರೂಢಿಯುಂಟು, ಕಾರಣ ಇದೇ. ಇಂದಿನ ಮನೆಯ ಒಳಗೋಡೆಗೆ ಸೊಂಟದ ಎತ್ತರದವರೆಗೆ ಕಾವಿ, ಮೇಲೆ ಮಾಸಲು ಬಿಳಿ ಬಳಿದು ನೋಡಿ. ಪುಟ್ಟಿ, ಪ್ರೈಮರ್, ಟೆಕ್ಸ್ಚರ್ ಪೇಂಟ್ ಎಂದು ಸುರಿಯುವ ದುಡ್ಡಿನ ಒಂದು ಪಾಲಿನಲ್ಲಿ ಕೋಣೆಗೆ ಕಳೆ ಬರುತ್ತದೆ.

ಸುಣ್ಣ ಬೇಡವೆನ್ನುವವರ ಕಾರಣವೂ ಸುಳ್ಳಲ್ಲ. ಒರಗಿದರೆ ಅಂಗಿಗೆ ಮೆತ್ತುತ್ತದೆ, ವರ್ಷವರ್ಷ ಬಳಿಯಬೇಕು. ಮೊದಲನೆಯದಕ್ಕೆ ಹಳಬರು ಗೋಂದು ಕಲಸುತ್ತಿದ್ದರು, ಬಿಳುಪು ಎದ್ದು ಕಾಣಲು ಚಿಟಿಕೆ ನೀಲಿ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣ ಮತ್ತೆ ಕಲ್ಲಾಗುತ್ತದೆ. ತೆಳುವಾಗಿ ಎರಡು ಮೂರು ಕೈ ಬಳಿದು, ನಿಧಾನ ಒಣಗಲು ಬಿಟ್ಟರೆ ಗಟ್ಟಿಯಾಗಿ ಹಿಡಿಯುತ್ತದೆ. ಗೋಡೆ ಉಸಿರಾಡುತ್ತದೆ, ಬೂಸು ಹತ್ತುವುದು ಕಡಿಮೆ. ಒಂದು ಎಚ್ಚರಿಕೆ: ಪ್ಲಾಸ್ಟಿಕ್ ಪೇಂಟ್ ಬಿದ್ದ ಗೋಡೆಗೆ ಸುಣ್ಣ ನಿಲ್ಲುವುದಿಲ್ಲ, ಹಪ್ಪಳದಂತೆ ಏಳುತ್ತದೆ. ನಿರ್ಧಾರ ಮೊದಲೇ ಆಗಬೇಕು.

ಬಿಳಿ ಬೇಕೇ ಬೇಕು ಅನ್ನುವವರಿಗೆ ಹೊಸಹಳ್ಳಿಯಲ್ಲಿ ಅದಕ್ಕೊಂದು ಸರಿಯಾದ ಜಾಗವಿದೆ: ಮಾಳಿಗೆ. ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿ ರಾತ್ರಿ ಹತ್ತಾದರೂ ಮನೆಯೊಳಗೆ ಬಿಸಿ ಕಾರುತ್ತಿರುತ್ತದೆ. ಅದರ ಮೇಲೆ ಸುಣ್ಣವನ್ನೋ ಬಿಸಿಲು ತಿರುಗಿಸುವ ಬಿಳಿ ಲೇಪವನ್ನೋ ಬಳಿದರೆ ಒಳಗಿನ ಕಾವು ಕೆಲವು ಡಿಗ್ರಿ ಇಳಿಯುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆಂದೇ ತಂಪು ಛಾವಣಿ ನೀತಿಯನ್ನೇ ಹೊರಡಿಸಿದೆ. ಅತಿಥಿಗಳಿಗೆ ಕಾಣದ ಈ ಬಿಳಿಗೆ ಯಾರೂ ಲೈಕ್ ಒತ್ತುವುದಿಲ್ಲ ನಿಜ, ಆದರೆ ಫ್ಯಾನಿನ ಕೆಳಗೆ ಹೊರಳಾಡುವ ಮಕ್ಕಳು ನಿದ್ದೆ ಮಾಡುತ್ತವೆ.

ಬಟ್ಟೆಯ ಕಥೆ ಇನ್ನೂ ಸ್ವಾರಸ್ಯದ್ದು. ಫ್ರೆಂಚ್ ಎಂದು ಮಾರುವ ಹೂಬಳ್ಳಿಯ ಪರದೆ, ದಿಂಬಿನ ಚೀಲಗಳ ವಂಶಾವಳಿ ಹಿಡಿದು ಹೋದರೆ ನಮ್ಮ ಪೂರ್ವ ಕರಾವಳಿಗೇ ಬಂದು ನಿಲ್ಲುತ್ತೇವೆ. ಮಚಲೀಪಟ್ಟಣದ ಕಡೆಯ ಅಚ್ಚಿನ, ಕಲಂಕಾರಿಯ ಹತ್ತಿಬಟ್ಟೆ ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿಗೆ ಹುಚ್ಚು ಹಿಡಿಸಿತ್ತು. ಅಲ್ಲಿಯ ರೇಷ್ಮೆ, ಉಣ್ಣೆ ನೇಕಾರರ ಕೂಗಿಗೆ ಮಣಿದು ಸರ್ಕಾರ 1686ರಲ್ಲಿ ಅದನ್ನು ನಿಷೇಧಿಸಿತು. ಅಂದಮೇಲೆ ಕೇಳಬೇಕೆ, ಕಳ್ಳಸಾಗಣೆ ಜೋರಾಯಿತು. 1759ರಲ್ಲಿ ನಿಷೇಧ ತೆರವಾದ ಮರುವರ್ಷವೇ ಒಬರ್‌ಕಾಂಫ್ ಎಂಬ ಅಚ್ಚುಗಾರ ವರ್ಸೇಲ್ಸ್ ಹತ್ತಿರದ ಜೂಯಿ ಎಂಬಲ್ಲಿ ಕಾರ್ಖಾನೆ ತೆರೆದ. ಅಲ್ಲಿಯ ಬಟ್ಟೆಯೇ ಫ್ರೆಂಚ್ ಹಳ್ಳಿಮನೆಯ ಗುರುತಾಯಿತು. ಆಂಧ್ರದಿಂದ ಹೋದದ್ದು ಪ್ಯಾರಿಸ್ಸಿನ ಮುದ್ರೆ ಹಾಕಿಸಿಕೊಂಡು, ಸೂರತ್ತಿನ ಪಾಲಿಯೆಸ್ಟರ್ ಆಗಿ, ಕೂಡ್ಲಿಗಿಯ ಅಂಗಡಿಯಲ್ಲಿ ಬಿಕರಿಯಾಗುತ್ತಿದೆ. ಹತ್ತಿಯ ಕಲಂಕಾರಿ ಹಾಸು ಹೊಸಪೇಟೆಯಲ್ಲೂ ಬಳ್ಳಾರಿಯಲ್ಲೂ ಸಿಗುತ್ತದೆ, ಬೆವರು ಹೀರುತ್ತದೆ.

ಸ್ವೀಡನ್ನಿನ ಚಿತ್ರಕಾರ ಕಾರ್ಲ್ ಲಾರ್ಸನ್ 1899ರಲ್ಲಿ ಸುಂಡ್‌ಬೋರ್ನ್ ಹಳ್ಳಿಯ ತನ್ನ ಮನೆಯ ಚಿತ್ರಗಳನ್ನು ಪುಸ್ತಕವಾಗಿ ತಂದ. ಇಂದಿನ ನಾರ್ಡಿಕ್ ಮನೆಯ ಕಲ್ಪನೆಗೆ ಅದು ತಾಯಿಬೇರುಗಳಲ್ಲೊಂದು. ತಮಾಷೆಯೆಂದರೆ ಆ ಮನೆ ಬೆಳ್ಳಗೇ ಇಲ್ಲ: ಕೆಂಪು, ಹಸಿರು, ಹಳದಿಗಳ ಜಾತ್ರೆ. ಹೆಸರು ಕಾರ್ಲನದಾದರೂ ನೇಯ್ದದ್ದು, ಹೊಲಿದದ್ದು, ಕುರ್ಚಿ ಮೇಜಿನ ಆಕಾರ ಯೋಚಿಸಿದ್ದು ಹೆಂಡತಿ ಕಾರಿನ್. ಅದೇ 1899ರಲ್ಲಿ ಎಲೆನ್ ಕೇಯ್ ಎಂಬ ಲೇಖಕಿ ‘ಎಲ್ಲರಿಗೂ ಸೌಂದರ್ಯ’ ಎಂಬ ಪುಸ್ತಕ ಬರೆದು, ಚೆಂದದ ಮನೆಗೆ ಸಿರಿತನ ಬೇಕಿಲ್ಲ, ಉಪಯೋಗಕ್ಕೆ ತಕ್ಕ ವಸ್ತು ಸಾಕು ಎಂದು ವಾದಿಸಿದಳು. ಅಲ್ಲಿಯ ಹಳ್ಳಿಯ ಹೆಂಗಸರು ಹಳೇ ಬಟ್ಟೆ ಸೀಳಿ ನೇಯುತ್ತಿದ್ದ ನೆಲಹಾಸು ಈಗಲೂ ಸ್ವೀಡಿಷ್ ಮನೆಗಳ ಹೆಮ್ಮೆ.

ನಮ್ಮ ಕೌದಿಗೆ ಅಂಥ ಹೆಮ್ಮೆ ಯಾಕೆ ದಕ್ಕಲಿಲ್ಲ? ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ಕೂಸಿನ ಕುಲಾಯಿ ಎಲ್ಲ ಸೇರಿಸಿ ಸಣ್ಣ ಹೊಲಿಗೆಯಲ್ಲಿ ಕೂಡಿಸಿದ ಕೌದಿಯನ್ನು ಬೀಗರು ಬಂದಾಗ ಮಂಚದ ಕೆಳಗೆ ತುರುಕುತ್ತೇವೆ. ಮೇಲೆ ಹಾಸುವುದು ಹುಲಿ ಮುಖದ ಮಿಂಕ್ ಬ್ಲಾಂಕೆಟ್. ಕಂಬಳಿಯ ಪಾಡೂ ಅದೇ. ದಖ್ಖನಿ ಕುರಿಯ ಕರಿ ಉಣ್ಣೆಗೆ ಗಿರಾಕಿಯಿಲ್ಲದೆ, ಕತ್ತರಿಸಿದ್ದನ್ನು ಹೊಲದಲ್ಲೇ ಬಿಟ್ಟು ಬರುವ ಕುರಿಗಾರರಿದ್ದಾರೆ. ಸೋಫಾದ ಬೆನ್ನಿಗೆ ಹೊದಿಸಲು ಉಣ್ಣೆ ಬಟ್ಟೆ ಹುಡುಕುವವರು ಚಳ್ಳಕೆರೆಯ ಕಂಬಳಿ ಸಂತೆಯತ್ತ ತಿರುಗಿಯೂ ನೋಡುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ–20 ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ವಿದೇಶಿ ಪ್ರತಿನಿಧಿಗಳು ಬೆರಗಾಗಿ ನೋಡಿದರು. ನಮ್ಮ ತಾಂಡಾಗಳಿಂದ ಕೂಗಳತೆಯಲ್ಲಿರುವ ಮನೆಗಳ ದಿಂಬುಗಳ ಮೇಲೆ ಇಂಗ್ಲಿಷಿನಲ್ಲಿ ‘ಹೋಮ್’ ಎಂದೇ ಬರೆದಿದೆ.

ಇಷ್ಟು ಹೇಳಿದ ಮೇಲೆ ಹಳೇ ಮನೆಯ ಗುಣಗಾನಕ್ಕೆ ಇಳಿಯುವುದು ಸುಲಭ. ಇಳಿಯಬಾರದು. ಮಾಳಿಗೆ ಮನೆ ತಂಪಾಗಿತ್ತು, ಹೌದು. ಆದರೆ ಅಡಿಗೆಮನೆಯಲ್ಲಿ ಬೆಳಕಿಂಡಿಯೊಂದೇ ಗತಿ. ಹೊಗೆಯಲ್ಲಿ ಕಣ್ಣು ಕಳಕೊಂಡ ಹೆಂಗಸರ ಲೆಕ್ಕ ಇಟ್ಟವರಿಲ್ಲ. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ಹೊತ್ತು ಮಾಳಿಗೆಗೆ ಹರವಬೇಕಿತ್ತು, ಆದರೂ ಸೋರುತ್ತಿತ್ತು. ಜಂತಿಯಿಂದ ಚೇಳು ಬೀಳುತ್ತಿದ್ದವು. ಸಾರಿಸುವ, ಸುಣ್ಣ ಬಳಿಯುವ, ಕೌದಿ ಹೊಲಿಯುವ ಕೆಲಸವೆಲ್ಲ ಒಂದೇ ಹೆಗಲ ಮೇಲೆ. ಇನ್ನೂ ಮುಖ್ಯವಾದದ್ದು: ಕೆತ್ತನೆಯ ಕಂಬ, ಹಿತ್ತಾಳೆ ಹೂವಿನ ಬಾಗಿಲು ಇದ್ದದ್ದು ಗೌಡರ ವಾಡೆಯಲ್ಲಿ, ಸಾಹುಕಾರರ ಮನೆಯಲ್ಲಿ. ಕೇರಿಯವರಿಗೆ ಇದ್ದದ್ದು ಗುಡಿಸಲು. ನಮ್ಮ ಪರಂಪರೆಯ ಮನೆ ಎಂದು ಫೋಟೋ ಹಾಕುವಾಗ ಯಾರ ಪರಂಪರೆ ಎಂದು ಕೇಳಿಕೊಳ್ಳಬೇಕು. ಅವರಿಗೆ ಸೋರದ ಮೊದಲ ಸೂರು ಕಾಂಕ್ರೀಟಿನದೇ. ಅದರ ಗೋಡೆಗೆ ಗುಲಾಬಿ ಬಣ್ಣ ಬಳಿದುಕೊಂಡರೆ ಅದರಲ್ಲಿ ಹಾಡಿ ಹೊಗಳುವಂಥದ್ದೂ ಇಲ್ಲ, ಹಂಗಿಸುವಂಥದ್ದೂ ಇಲ್ಲ.

ಆದರೆ ಆ ಮನೆಗಳಲ್ಲೇ ಸ್ವೀಡನ್ನಿನ ನಿಜವಾದ ಪಾಠ ಹೆಚ್ಚು ಕೆಲಸಕ್ಕೆ ಬರುತ್ತದೆ. 2016ರಿಂದ ನಡೆದಿರುವ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಗೆ ನಿಗದಿಯಾದ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ಬಯಲುಸೀಮೆಗೆ ಕೇಂದ್ರ ಯೋಜನೆ ಇಟ್ಟ ಮೊತ್ತ 1.20 ಲಕ್ಷ ರೂಪಾಯಿ. ಆ ಜಾಗಕ್ಕೆ ಮದುವೆಯಲ್ಲಿ ಬಂದ ಜೋಡಿ ಮಂಚ, ಬೀರು, ಡ್ರೆಸ್ಸಿಂಗ್ ಟೇಬಲ್, ಸೋಫಾ ಸೆಟ್ಟು ಹೊಕ್ಕರೆ ಮನುಷ್ಯರು ಕಟ್ಟೆಗೆ ಬಂದು ಕೂರಬೇಕು. ಇಲ್ಲಿ ಖರ್ಚಿನ ಲೆಕ್ಕವನ್ನು ರೂಪಾಯಿಗಿಂತ ಮೊದಲು ಅಡಿಯಲ್ಲಿ ಹಾಕಬೇಕಾಗುತ್ತದೆ. ಸ್ವೀಡನ್ನಿನ ಬಡ ರೈತರೂ ಒಂದೇ ಕೋಣೆಯಲ್ಲಿ ಬಾಳಿದವರು. ಹಗಲು ಬೆಂಚು, ರಾತ್ರಿ ಎಳೆದರೆ ಹಾಸಿಗೆ. ಊಟವಾದ ಮೇಲೆ ರೆಕ್ಕೆ ಮಡಚಿ ಗೋಡೆಗೆ ಆನಿಸುವ ಮೇಜು. ಸಾಮಾನಿಗೆ ನೆಲದ ಬದಲು ಗೋಡೆ. ಇವುಗಳಲ್ಲಿ ಒಂದನ್ನಾದರೂ ಕೊಟ್ಟೂರಿನ ಬಡಗಿ ಮಾಡಲಾರನೆ? ಹಾಸಿಗೆ ಸುತ್ತಿ ಮೂಲೆಗಿಟ್ಟು, ನಾಗಂದಿಗೆಯ ಮೇಲೆ ಡಬ್ಬಿ ಜೋಡಿಸಿ, ನೆಲುವಿಗೆ ಗಡಿಗೆ ತೂಗುಹಾಕಿ, ಗೂಟಕ್ಕೆ ಬಟ್ಟೆ ಸಿಕ್ಕಿಸಿ ಬಾಳಿದವರಿಗೆ ಈ ವಿದ್ಯೆ ಹೊಸದೂ ಅಲ್ಲ.

‘ಕಡಿಮೆ ಇರಲಿ, ಬೇಡದ್ದನ್ನು ಎಸೆ’ ಎಂಬ ಉಪದೇಶದ ಬಗ್ಗೆ ಮಾತ್ರ ನನಗೆ ಅನುಮಾನವಿದೆ. ಬೇಕಾದಾಗ ಮತ್ತೆ ಕೊಳ್ಳಬಲ್ಲವರಿಗೆ ಎಸೆಯುವುದು ಸಲೀಸು. ಬಡವರ ಮನೆಯಲ್ಲಿ ಮುರಿದ ಕೊಡಪಾನ, ಹಳೇ ಟೈರು, ಗೊಬ್ಬರದ ಚೀಲ ಉಳಿಯುವುದು ರುಚಿಗೇಡಿತನದಿಂದಲ್ಲ. ನಾಳೆ ಬೇಕಾದೀತು ಎಂಬ ಅನುಭವದಿಂದ. ಸ್ಟೀಲಿನ ತಟ್ಟೆ ಲೋಟಗಳನ್ನು ಮಟ್ಟಸವಾಗಿ ಒಪ್ಪವಿಟ್ಟ ಗೋಡೆಯನ್ನು ಗಿಜಿಗಿಜಿ ಅನ್ನುವವರಿಗೆ ಫ್ರೆಂಚ್ ಅಡಿಗೆಮನೆಯಲ್ಲಿ ತೂಗುಬಿಟ್ಟ ತಾಮ್ರದ ಪಾತ್ರೆಗಳ ಸಾಲು ಚೆಂದ ಕಾಣುವುದಾದರೆ, ತೊಂದರೆ ಪಾತ್ರೆಯಲ್ಲಿಲ್ಲ. ಫ್ರೆಂಚರು ಹಳೇ ಸಾಮಾನಿನ ಸಂತೆಗಳಿಗೆ ಭಾನುವಾರ ಮುಗಿಬೀಳುತ್ತಾರೆ; ಅಜ್ಜನ ಕುರ್ಚಿಗೆ ಅಲ್ಲಿ ಬೆಲೆ ಹೆಚ್ಚು. ನಾವು ಹಿತ್ತಾಳೆ ಹಂಡೆಯನ್ನು ಗುಜರಿಗೆ ತೂಕಕ್ಕೆ ಹಾಕಿ, ಆ ದುಡ್ಡಿಗೆ ಹಳೆಯದರಂತೆ ಕಾಣುವ ಹೊಸ ದೀಪ ತರಿಸುತ್ತೇವೆ. ನಮ್ಮ ನೆರೆಯ ಕುಕನೂರಿನ ಕಮಲ್ ಮಹಲ್ ಎಂಬ ಹಳೇ ಕಟ್ಟಡ ಈಗ ಇರುವುದು ಮಣಿಪಾಲದಲ್ಲಿ: ವಿಜಯನಾಥ ಶೆಣೈ ಅವರು ಅದನ್ನು ಬಿಚ್ಚಿಸಿ ಒಯ್ದು ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮತ್ತೆ ನಿಲ್ಲಿಸದಿದ್ದರೆ ಅದೂ ಸೌದೆಯಾಗುತ್ತಿತ್ತೇನೊ. ಮಾಳಿಗೆ ಮನೆ ಕೆಡವುವ ದಿನ ತೊಲೆ, ಬಾಗಿಲನ್ನು ಒಟ್ಟು ಗುತ್ತಿಗೆಗೆ ಮಾರುವ ಮೊದಲು ಒಂದು ತೊಲೆಯನ್ನು ಸೀಳಿಸಿ ಬೆಂಚು ಮಾಡಿಸಬಹುದು. ನೂರು ವರ್ಷ ಒಣಗಿದ ತೇಗವೋ ಮತ್ತಿಯೋ ಇನ್ನು ಸುಲಭಕ್ಕೆ ಸೊಟ್ಟಗಾಗುವುದಿಲ್ಲ, ಪುಡಿಯ ಹಲಗೆಯಂತೆ ನೀರಿಗೆ ಉಬ್ಬುವುದೂ ಇಲ್ಲ.

ಮನೆ ಕಟ್ಟುತ್ತಿರುವವರಿಗೆ ಇದೆಲ್ಲಕ್ಕಿಂತ ಮುಂಚಿನ ಮಾತೊಂದಿದೆ. ಹಳೇ ಗೋಡೆಗಳಲ್ಲಿ ದೀಪಕ್ಕೆ, ಪುಸ್ತಕಕ್ಕೆ, ದೇವರಿಗೆ ಗೂಡುಗಳಿರುತ್ತಿದ್ದವು. ಅವುಗಳ ಮುಂದೆ ಯಾವ ಶೋಕೇಸೂ ಸಪ್ಪೆ, ಮೇಲಾಗಿ ಗೂಡಿಗೆ ಬೇರೆ ಖರ್ಚಿಲ್ಲ, ನೆಲದ ಜಾಗವೂ ಬೇಡ. ಆದರೆ ಈಗ ಎಲ್ಲೆಡೆ ಏಳುತ್ತಿರುವ ನಾಲ್ಕು, ಆರು ಇಂಚಿನ ಸಿಮೆಂಟ್ ಬ್ಲಾಕಿನ ಗೋಡೆಯಲ್ಲಿ ಗೂಡು ಕೊರೆಯಲಾಗದು. ಕನಿಷ್ಠ ಒಂದು ಗೋಡೆಯಾದರೂ ಒಂಬತ್ತು ಇಂಚಿನದಿರಬೇಕು. ಪಡುವಣ ಬಿಸಿಲು ಬೀಳುವ ಗೋಡೆಯನ್ನೇ ಅದಕ್ಕೆ ಆರಿಸಿಕೊಂಡರೆ ಒಳಗೆ ಕಾವೂ ತಡೆಯುತ್ತದೆ. ಕಿಟಕಿಯ ಮೇಲೆ ಎರಡಡಿ ಸಜ್ಜೆ ಚಾಚಿಸಬೇಕು, ಮುಂಬಾಗಿಲಿನ ಎರಡೂ ಬದಿ ಕಟ್ಟೆ ಬಿಡಿಸಬೇಕು. ಗೌಂಡಿಗೆ ಇದನ್ನು ಹೇಳಬೇಕಾದದ್ದು ಪಾಯ ತೋಡುವ ದಿನ. ಪೇಂಟಿನ ಕಾರ್ಡ್ ಹಿಡಿದು ಅಂಗಡಿಯವನು ಬರುವ ಹೊತ್ತಿಗೆ ಆ ಅವಕಾಶ ಮುಗಿದಿರುತ್ತದೆ.